ಕಾರಿನ ಅಲ್ಯೂಮಿನಿಯಂ ಮಂಕಾಗಿದೆಯೇ? ಉಜ್ಜುವ ಮೊದಲು ಬಟ್ಟೆ ನೋಡಿ

ಹಳೇ ಕಾರಿನ ಅಲಾಯ್ ವೀಲ್, ಬಾನೆಟ್ ಒಳಗಿನ ಅಲ್ಯೂಮಿನಿಯಂ ಕವರ್‌ಗಳು ಬರ್ತಾ ಬರ್ತಾ ಬೂದು ಬಣ್ಣಕ್ಕೆ ತಿರುಗುತ್ತವೆ. ಇವನ್ನು ಮನೆಯಲ್ಲೇ ಕೈಯಿಂದ ಉಜ್ಜಿ ಹೊಳಪು ತರಬಹುದು. ಆದರೆ ಅವಸರ ಮಾಡಿದರೆ ಚೆನ್ನಾಗಿರೋ ಭಾಗವೂ ಹಾಳಾಗುತ್ತದೆ. ಹೊಸಬರು ಮೊದಲು ಗುಜರಿ ಅಂಗಡಿಯಿಂದ ಒಂದು ಹಳೇ ತುಂಡು ತಂದು ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಮೊದಲು ಪರೀಕ್ಷೆ

ಆಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಅದು ಕಬ್ಬಿಣ. ಅಂಟದಿದ್ದರೆ ಕಣ್ಣಿಗೆ ಕಾಣದ ಮೂಲೆಯಲ್ಲಿ ಸ್ವಲ್ಪ ಮೆಟಲ್ ಪಾಲಿಶ್ ಹಚ್ಚಿ ಬಿಳಿ ಬಟ್ಟೆಯಿಂದ ತಿಕ್ಕಿ. ಬಟ್ಟೆ ಕಪ್ಪಾದರೆ ಅದು ಬರೀ ಲೋಹ, ಉಜ್ಜಬಹುದು. ಬಟ್ಟೆ ಕಪ್ಪಾಗದಿದ್ದರೆ ಮೇಲೆ ಲ್ಯಾಕರ್ ಅಥವಾ ಬೇರೆ ಕೋಟಿಂಗ್ ಇದೆ ಅಂತ ಅರ್ಥ. ಬಹುತೇಕ ಅಲಾಯ್ ವೀಲ್‌ಗಳಿಗೆ ಕಂಪನಿಯಿಂದಲೇ ಕೋಟಿಂಗ್ ಬಂದಿರುತ್ತದೆ. ಅದು ಚೆನ್ನಾಗಿದ್ದರೆ ಕೆರೆಯಬೇಡಿ, ಸೋಪು ನೀರಿನಲ್ಲಿ ತೊಳೆದರೆ ಸಾಕು.

ಉಜ್ಜುವ ಕ್ರಮ

ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂತ ಕೇಳಿ. ಹಾಳೆಯ ಹಿಂಬದಿ ನಂಬರ್ ಇರುತ್ತದೆ. ನಂಬರ್ ಹೆಚ್ಚಿದಷ್ಟೂ ನಯ. ಗೀರು ಆಳವಿದ್ದರೆ 400ರಿಂದ ಶುರು ಮಾಡಿ, ನಂತರ 600, 800, 1000, 1500, ಕೊನೆಗೆ 2000. ಬರೀ ಮಂಕಾಗಿದ್ದರೆ 1000ದಿಂದ ಆರಂಭಿಸಿದರೂ ನಡೆಯುತ್ತದೆ.

ಪೇಪರನ್ನು ಸೋಪು ನೀರಿನಲ್ಲಿ ಅದ್ದಿಕೊಂಡೇ ಉಜ್ಜಬೇಕು. ಒಂದು ನಂಬರ್‌ನಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಅಡ್ಡಕ್ಕೆ ಉಜ್ಜಿ. ಹಿಂದಿನ ಗೀರುಗಳು ಪೂರ್ತಿ ಮಾಯವಾದ ಮೇಲಷ್ಟೇ ಮುಂದಿನ ನಂಬರ್ ಹಿಡಿಯಿರಿ. ಇಲ್ಲಿ ಒಂದು ಹಂತ ಹಾರಿಸಿದರೆ ಆ ಗೀರು ಕೊನೆಯ ಹೊಳಪಿನಲ್ಲಿ ಎದ್ದು ಕಾಣುತ್ತದೆ. ಆಮೇಲೆ ಮೆಟಲ್ ಪಾಲಿಶ್ ಹಚ್ಚಿ ಹತ್ತಿಬಟ್ಟೆಯಿಂದ ತಿಕ್ಕಿ, ತೊಳೆದು ಒಣಗಿಸಿ, ವ್ಯಾಕ್ಸ್ ಹಚ್ಚಿ. ಕೋಟಿಂಗ್ ಇಲ್ಲದ ಅಲ್ಯೂಮಿನಿಯಂ ಗಾಳಿ, ತೇವ ತಾಗಿ ಮತ್ತೆ ಮಂಕಾಗುವುದರಿಂದ ವ್ಯಾಕ್ಸನ್ನು ಆಗಾಗ ಹಚ್ಚುತ್ತಿರಬೇಕು.

ಇವನ್ನು ಮಾಡಲೇಬೇಡಿ

ಬೇಗ ಕೆಲಸ ಆಗಲಿ ಅಂತ ಕಾಸ್ಟಿಕ್ ಸೋಡಾ ಅಥವಾ ಅದಿರುವ ಡ್ರೈನ್ ಕ್ಲೀನರ್ ಸುರಿಯಬೇಡಿ. ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಆಗ ಹೊರಬರುವ ಹೈಡ್ರೋಜನ್ ಅನಿಲಕ್ಕೆ ಕಿಡಿ ತಾಗಿದರೆ ಬೆಂಕಿ ಹತ್ತುತ್ತದೆ. ಕಬ್ಬಿಣ ಉಜ್ಜುವ ವೈರ್ ಬ್ರಷ್ ಕೂಡ ಬೇಡ, ಆಳವಾದ ಗೀರು ಬೀಳುತ್ತದೆ.

ಡ್ರಿಲ್‌ಗೆ ಬಫಿಂಗ್ ವೀಲ್ ಹಾಕಿ ಉಜ್ಜುವವರು ಕನ್ನಡಕ, ಮಾಸ್ಕ್ ಧರಿಸಿ, ಬಯಲಿನಲ್ಲಿ ಕೆಲಸ ಮಾಡಿ. ಅಲ್ಯೂಮಿನಿಯಂನ ನಯವಾದ ಪುಡಿ ಹೊತ್ತಿಕೊಳ್ಳುವಂಥದ್ದು. ಕಬ್ಬಿಣದ ಪುಡಿ ಕೂತಿರುವ ಗ್ರೈಂಡರ್ ಬಳಸಿದರೆ ಅಪಾಯ ಇನ್ನೂ ಹೆಚ್ಚು.

ವೀಲ್ ಆದರೆ ಕಾರಿನಿಂದ ಬಿಚ್ಚಿಯೇ ಉಜ್ಜಿ. ಪಾಲಿಶ್ ಅಥವಾ ವ್ಯಾಕ್ಸ್ ಬ್ರೇಕ್ ಡಿಸ್ಕಿಗೆ, ಪ್ಯಾಡಿಗೆ ತಾಗಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಬೋಲ್ಟ್ ಕೂರುವ ಜಾಗ, ಟೈರ್ ಕೂರುವ ಅಂಚು, ಹಬ್‌ಗೆ ತಾಗುವ ಮುಖ ಇವುಗಳಿಗೆ ಪೇಪರ್ ಮುಟ್ಟಿಸಬೇಡಿ.

ಉಜ್ಜುವಾಗ ಕೂದಲೆಳೆಯಷ್ಟು ಬಿರುಕು ಕಂಡರೂ ಅಲ್ಲಿಗೇ ನಿಲ್ಲಿಸಿ. ಪಾಲಿಶ್ ಬಿರುಕನ್ನು ಮುಚ್ಚುತ್ತದೆಯೇ ಹೊರತು ಸರಿಮಾಡುವುದಿಲ್ಲ. ಆ ವೀಲ್ ಹಾಕಿ ಓಡಿಸದೆ ತಿಳಿದ ಮೆಕ್ಯಾನಿಕ್‌ಗೆ ತೋರಿಸಿ.