ಮಾನಧನರು: ಏಜಾಕ್ಸನೂ ಅಶ್ವತ್ಥಾಮನೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಣ ಗ್ರಾಮಗಳಲ್ಲಿ ‘ಕುರುಕ್ಷೇತ್ರ’ ನಾಟಕವನ್ನು ಒಮ್ಮೆಯಾದರೂ ನೋಡದ ಗೃಹಸ್ಥನು ವಿರಳ. ಕೊಯ್ಲು ಮುಗಿದು ಕೈ ಬಿಡುವಾದ ಕಾಲದಲ್ಲಿ ರೈತರು, ಅಂಗಡಿಯವರು, ಉದ್ಯೋಗಸ್ಥರು ಒಂದುಗೂಡಿ, ಹಾರ್ಮೋನಿಯಂ ಮೇಷ್ಟರೊಬ್ಬರನ್ನು ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ಮಾತನ್ನೂ ಮಟ್ಟನ್ನೂ ಬಾಯಿಪಾಠ ಮಾಡಿ, ಸೀನರಿಯನ್ನೂ ಕಿರೀಟ ಭುಜಕೀರ್ತಿಗಳನ್ನೂ ಬಾಡಿಗೆಗೆ ತರಿಸಿ, ಬೆಳಗು ಹರಿಯುವವರೆಗೆ ಆಡುವರು. ವೇಷ ಕಟ್ಟುವವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಅವರೇ ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟಿ ರಂಗವನ್ನೇರುವರು. ಆ ಹಣದ ಲೆಕ್ಕದಲ್ಲಿ ದುರ್ಯೋಧನನ ಪಾತ್ರಕ್ಕೆ ಸಾಮಾನ್ಯವಾಗಿ ಅಗ್ರಸ್ಥಾನ. ಧರ್ಮರಾಯನಾಗುವುದಕ್ಕೆ ಅಷ್ಟು ಪೈಪೋಟಿಯಿಲ್ಲ.

ಇದು ವಿಚಾರ ಮಾಡತಕ್ಕ ಸಂಗತಿ. ನಮ್ಮ ಜನರು ಅಧರ್ಮಪ್ರಿಯರೆಂದು ಯಾರೂ ಹೇಳಲಾರರು. ಚಪ್ಪಾಳೆ ತಟ್ಟಿದವರನ್ನೇ ಮರುದಿನ ಕೇಳಿದರೆ, ದ್ರೌಪದಿಯನ್ನು ಸಭೆಗೆ ಎಳೆತರಿಸಿದ್ದು ಮಹಾಪಾಪವೆಂದೇ ಹೇಳುವರು. ಆದರೂ ‘ಛಲ’ವೆಂಬ ಒಂದು ಮಾತು ಬಂದಾಗ ಅವರ ಕಣ್ಣು ಬೆಳಗುತ್ತದೆ. ಪಂಪನು ಛಲಕ್ಕೆ ದುರ್ಯೋಧನನನ್ನೇ ಹೆಸರಿಸಿದನು. ರನ್ನನು ತನ್ನ ಗದಾಯುದ್ಧದಲ್ಲಿ ಅವನನ್ನು ರಣಭೂಮಿಯ ಹೆಣಗಳ ನಡುವೆ ಒಂಟಿಯಾಗಿ ನಡೆಸಿ, ವೈರಿಯ ಮಗನಾದ ಅಭಿಮನ್ಯುವಿಗೂ ಕೈಮುಗಿಯುವಂತೆ ಮಾಡಿದನು. ಕೆಟ್ಟ ಕಾರ್ಯ ಮಾಡಿದವನಲ್ಲಿ ದೊಡ್ಡತನವಿರಬಹುದೆ? ಇದ್ದರೆ ಆ ದೊಡ್ಡತನವೇ ಅವನನ್ನು ಕೆಡಿಸಿತೆ? ನಮ್ಮ ಅಲಂಕಾರಶಾಸ್ತ್ರಗಳನ್ನು ಓದಿ ಬೆಳೆದ ನನ್ನಂಥವರಿಗೆ ಈ ಪ್ರಶ್ನೆಯು ಬಹುಕಾಲ ಪ್ರಶ್ನೆಯಾಗಿಯೇ ತೋರಲಿಲ್ಲ. ನಾಯಕನೆಂದರೆ ಧೀರೋದಾತ್ತ, ನಾಟಕವೆಂದರೆ ಕೊನೆಗೆ ಫಲಪ್ರಾಪ್ತಿ, ಅಷ್ಟೆ. ಗ್ರೀಕರಾದರೋ ಈ ಪ್ರಶ್ನೆಯ ಮೇಲೆಯೇ ತಮ್ಮ ರುದ್ರನಾಟಕಗಳನ್ನು ಕಟ್ಟಿದರು.

ಆ ನಾಟಕಗಳನ್ನು ಕನ್ನಡಕ್ಕೆ ಬರಮಾಡಿಕೊಂಡವರಲ್ಲಿ ಮೊದಲಿಗರು ನಮ್ಮ ಸೀಮೆಯ ಹೆಸರನ್ನೇ ಹೊತ್ತವರು. ಬಿ. ಎಂ. ಶ್ರೀಕಂಠಯ್ಯನವರ (1884–1946) ಹೆಸರಿನ ಮೊದಲಕ್ಷರವು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಎಂದು ರಂಗಕ್ಕೆ ಹೊಂದಿಸಿದರು. ಏಸ್ಕಿಲಸ್ ಕವಿಯ ನಾಟಕವೊಂದನ್ನು ‘ಪಾರಸಿಕರು’ ಎಂಬ ಹೆಸರಿನಿಂದ ಅನುವಾದಿಸಿದರು. ಈ ಎರಡರ ನಡುವೆ, 1929ರಲ್ಲಿ, ‘ಅಶ್ವತ್ಥಾಮನ್’ ಬಂದಿತು. ಸೊಫೋಕ್ಲೀಸನ ‘ಏಜಾಕ್ಸ್’ ನಾಟಕದ ಚೌಕಟ್ಟಿನಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿದ ಕೃತಿಯಿದು. ಇದನ್ನು ಬೆಲೆಕಟ್ಟಬೇಕಾದರೆ ಮೂಲದ ಕಥೆಯನ್ನು ತಿಳಿದಿರಬೇಕು.

ಟ್ರಾಯ್ ನಗರದ ಮುಂದೆ ಗ್ರೀಕರ ಪಾಳೆಯ. ಮಹಾವೀರನಾದ ಅಕಿಲೀಸನು ಮಡಿದನು. ಅವನ ಆಯುಧಗಳು ಅವನ ತರುವಾಯದ ಶೂರನಿಗೆ ಸಲ್ಲಬೇಕು. ಅಂಥ ಶೂರನು ತಾನೇ ಎಂಬುದರಲ್ಲಿ ಏಜಾಕ್ಸನಿಗೆ ಸಂದೇಹವಿರಲಿಲ್ಲ; ನಮಗೂ ಇಲ್ಲ. ಆದರೆ ಸೇನಾನಾಯಕರು ಅವನ್ನು ಮಾತಿನ ಚತುರನಾದ ಒಡಿಸ್ಯೂಸನಿಗೆ ಕೊಟ್ಟರು. ಅವಮಾನದಿಂದ ಬೆಂದ ಏಜಾಕ್ಸನು ರಾತ್ರಿ ಖಡ್ಗ ಹಿಡಿದು, ಅಗಮೆಮ್ನಾನ್, ಮೆನೆಲಾಸ್, ಒಡಿಸ್ಯೂಸರನ್ನು ಕೊಲ್ಲಲು ಹೊರಟನು. ಅಥೀನ ದೇವಿಯು ಅವನ ಕಣ್ಣಿಗೆ ಭ್ರಾಂತಿಯನ್ನು ಕವಿಸಿದಳು. ದನಕುರಿಗಳ ಮಂದೆಯನ್ನೇ ಶತ್ರುಗಳೆಂದು ತಿಳಿದು ತರಿದು, ಕೆಲವನ್ನು ಗುಡಾರಕ್ಕೆ ಎಳೆತಂದು ಚಾವಟಿಯಿಂದ ಹೊಡೆದನು. ಬೆಳಗಾಯಿತು, ಭ್ರಾಂತಿ ಇಳಿಯಿತು, ಸುತ್ತಲೂ ಕುರಿಗಳ ಹೆಣ. ಗ್ರೀಕರ ಎರಡನೆಯ ವೀರನು ಪಾಳೆಯದ ನಗೆಗೀಡಾಗಿದ್ದನು.

ದೇವಿಗೆ ಅವನಲ್ಲಿ ಕೋಪವೇಕೆ? ಯುದ್ಧಕ್ಕೆ ಹೊರಡುವಾಗ ಮುದಿತಂದೆಯು, ‘ಗೆಲ್ಲು ಮಗನೆ, ಆದರೆ ದೈವದೊಡನೆ ಗೆಲ್ಲು’ ಎಂದಿದ್ದನಂತೆ. ದೈವದ ನೆರವಿನಿಂದ ಹೇಡಿಯೂ ಗೆಲ್ಲುವನು, ನಾನು ಅದಿಲ್ಲದೆಯೇ ಗೆಲ್ಲುವೆನೆಂದು ಮಗನ ಉತ್ತರ. ಇಲ್ಲಿಗೆ ನಿಲ್ಲಿಸಿ, ‘ಗರ್ವಭಂಗವಾಯಿತು’ ಎಂದುಬಿಟ್ಟರೆ ಕಥೆಯು ಮಕ್ಕಳ ನೀತಿಪಾಠವಾಗುತ್ತದೆ. ಸೊಫೋಕ್ಲೀಸನು ಅಲ್ಲಿಗೆ ನಿಲ್ಲಿಸಲಿಲ್ಲ. ಗೆಳೆಯನಿಗಾಗಿ ಪ್ರಾಣ ಕೊಡುವವನು, ಹಡಗುಗಳು ಉರಿಯುತ್ತಿದ್ದಾಗ ಒಬ್ಬನೇ ನಿಂತು ಕಾದವನು, ಯಾರ ಮುಂದೆಯೂ ಬಾಗದವನು ಈ ಏಜಾಕ್ಸ್. ಬಾಗದಿರುವುದೇ ಅವನ ಗುಣ. ಬಾಗಲೇಬೇಕಾದ ದಿನ ಬಂದಾಗ ಅದೇ ಅವನಿಗೆ ಮೃತ್ಯು. ಅರಿಸ್ಟಾಟಲನು ಇಂಥ ನಾಯಕನ ದೋಷಕ್ಕೆ ಬಳಸಿದ ಗ್ರೀಕ್ ಶಬ್ದಕ್ಕೆ ಬಿಲ್ಲಾಳು ಗುರಿ ತಪ್ಪಿದನೆಂಬ ಅರ್ಥವಿದೆ. ಸಂಸ್ಕೃತದ ‘ಸ್ಖಲಿತ’ವು ಅದಕ್ಕೆ ‘ಪಾಪ’ಕ್ಕಿಂತ ಸಮೀಪವೆಂದು ನನ್ನ ಮತ.

ಅಶ್ವತ್ಥಾಮನ ಸ್ಥಿತಿಯೂ ಹೀಗೆಯೇ. ಅವನ ದುಃಖವು ನ್ಯಾಯವಾದುದು. ಸತ್ಯಸಂಧನೆನಿಸಿದ ಯುಧಿಷ್ಠಿರನ ಅರ್ಧಸತ್ಯವನ್ನು ನಂಬಿ ದ್ರೋಣನು ಆಯುಧವನ್ನು ಕೆಳಗಿಟ್ಟನು. ಕೆಳಗಿಟ್ಟವನ ತಲೆಯನ್ನು ಧೃಷ್ಟದ್ಯುಮ್ನನು ಕತ್ತರಿಸಿದನು. ಮಗನಾದವನಿಗೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ? ಆದರೆ ಸೌಪ್ತಿಕಪರ್ವದ ಆ ರಾತ್ರಿಯಲ್ಲಿ ಸೋದರಮಾವನಾದ ಕೃಪನು ಹೇಳಿದ್ದು ಏನು? ‘ಈಗ ಮಲಗು, ಹಿರಿಯರನ್ನು ಕೇಳೋಣ, ಬೆಳಗಾದ ಮೇಲೆ ಎದುರಾಗಿ ಕಾದೋಣ’ ಎಂದನು. ನಿದ್ದೆ ಬಾರದವನಿಗೆ ಮಲಗೆಂದರೇನು! ಕಾಗೆಗಳ ಗೂಡಿಗೆ ಎರಗಿದ ಗೂಗೆಯನ್ನು ಕಂಡು, ಅದನ್ನೇ ಗುರುವಾಗಿ ಕೊಂಡನು. ನ್ಯಾಯವಾದ ದುಃಖದಿಂದ ಅನ್ಯಾಯವಾದ ಕಾರ್ಯವು ಹುಟ್ಟುವ ಈ ಸಂಧಿಯನ್ನು ವ್ಯಾಸರೂ ಸೊಫೋಕ್ಲೀಸನೂ ಒಂದೇ ಬಗೆಯಲ್ಲಿ ಕಂಡರೆಂಬುದನ್ನು ಶ್ರೀಕಂಠಯ್ಯನವರು ಗುರುತಿಸಿದರು. ಅದೇ ಅವರ ನಾಟಕದ ಬೀಜವು. ಒಂದು ಭೇದವನ್ನು ಮಾತ್ರ ಮರೆಯಲಾಗದು: ಏಜಾಕ್ಸನ ಖಡ್ಗಕ್ಕೆ ಸಿಕ್ಕಿದವು ಬಹುಮಟ್ಟಿಗೆ ಮೂಕಪ್ರಾಣಿಗಳು, ವ್ಯಾಸರ ಅಶ್ವತ್ಥಾಮನ ಕೈಗೆ ಸಿಕ್ಕಿದವರು ಮಲಗಿದ್ದ ದ್ರೌಪದಿಯ ಐವರು ಮಕ್ಕಳು.

ನಾಟಕದ ಆರಂಭದಲ್ಲಿ ಒಂದು ಸಣ್ಣ ಪ್ರಸಂಗವಿದೆ. ಅಥೀನ ದೇವಿಯು ತನಗೆ ಪ್ರಿಯನಾದ ಒಡಿಸ್ಯೂಸನನ್ನು ಕರೆದು, ಹುಚ್ಚನಾದ ಏಜಾಕ್ಸನನ್ನು ತೋರಿಸಿ, ಶತ್ರುವನ್ನು ನೋಡಿ ನಗುವುದಕ್ಕಿಂತ ಸಿಹಿಯಾದ ನಗೆಯುಂಟೆ ಎನ್ನುವಳು. ಒಡಿಸ್ಯೂಸನು ನಗಲಿಲ್ಲ. ‘ಅವನ ಗತಿಯಲ್ಲಿ ನನ್ನದನ್ನೇ ಕಾಣುತ್ತೇನೆ, ಬದುಕಿರುವ ನಾವೆಲ್ಲರೂ ನೆರಳುಗಳು’ ಎಂಬರ್ಥದ ಮಾತನ್ನಾಡಿದನು. ಇಲ್ಲಿ ದೇವತೆಗಿಂತ ಮನುಷ್ಯನು ಮೇಲಾದನೆಂದು ಹೇಳಿದರೆ ಆಸ್ತಿಕರು ಕೋಪಿಸಿಕೊಳ್ಳಬಾರದು. ಕವಿಯ ಮಾತನ್ನು ಇದ್ದಂತೆ ಹೇಳಿದೆನು.

ಗೃಹಸ್ಥರಾದ ವಾಚಕರು ಮುಖ್ಯವಾಗಿ ಗಮನಿಸಬೇಕಾದವಳು ಟೆಕ್ಮೆಸ್ಸ. ಇವಳು ಏಜಾಕ್ಸನು ಯುದ್ಧದಲ್ಲಿ ಸೆರೆತಂದ ಹೆಂಗಸು. ಇವಳ ಊರನ್ನು ಹಾಳುಮಾಡಿದವನೂ ಅವನೇ. ಈಗ ಅವನ ಪತ್ನಿಯಂತೆ ಇರುವಳು. ಯೂರಿಸಕೀಸನೆಂಬ ಹಸುಳೆ ಮಗನಿರುವನು. ಗಂಡನ ಮನಸ್ಸು ಸಾವಿನ ಕಡೆ ತಿರುಗಿರುವುದನ್ನು ಮೊದಲು ಅರಿತವಳು ಇವಳೇ. ಇವಳ ವಾದವು ಕಣ್ಣೀರಿನ ವಾದವಾದರೂ ಅದರಲ್ಲಿ ತರ್ಕವಿದೆ. ‘ನೀನು ಹೋದ ದಿನವೇ ನಾನೂ ಮಗುವೂ ಇನ್ನೊಬ್ಬರ ಬಾಗಿಲಲ್ಲಿ ದಾಸರು. ಏಜಾಕ್ಸನ ಹೆಂಡತಿ ಹೇಗಿದ್ದವಳು ಹೇಗಾದಳು ನೋಡಿ ಎಂದು ಯಾರೋ ಆಡುವರು. ಆ ಮಾತಿನ ಅವಮಾನವು ನನಗೆ ಮಾತ್ರವೆ, ನಿನ್ನ ಕುಲಕ್ಕೂ ಅಲ್ಲವೆ? ನಿನ್ನ ಮುದಿತಾಯಿ ನೀನು ಬದುಕಿ ಬರಲೆಂದು ದೇವರಿಗೆ ಹರಕೆ ಹೊರುತ್ತಿರುವಳು. ನನಗೆ ನಿನ್ನ ಹೊರತು ಬೇರೆ ನೆಲೆಯಿಲ್ಲ. ಸುಖ ಪಡೆದವನು ಅದನ್ನು ನೆನೆಯದೆ ಹೋದರೆ ಅವನನ್ನು ಉದಾರನೆನ್ನುವುದು ಹೇಗೆ?’ ಅವನು ಮಾನವನ್ನು ಮುಂದಿಟ್ಟನು. ಅವಳು ಅದೇ ಮಾನದ ಇನ್ನೊಂದು ಮುಖವನ್ನು ತಿರುಗಿಸಿ ತೋರಿಸಿದಳು. ಇಬ್ಬರ ನಡುವಣ ಹೋರಾಟವು ಧರ್ಮಕ್ಕೂ ಅಧರ್ಮಕ್ಕೂ ಆದುದಲ್ಲ. ವೀರಧರ್ಮಕ್ಕೂ ಗೃಹಸ್ಥಧರ್ಮಕ್ಕೂ ಆದುದು.

ಏಜಾಕ್ಸನು ಉತ್ತರ ಕೊಡಲಿಲ್ಲ. ಹೇಳಿದಂತೆ ಕೇಳಿಕೊಂಡಿದ್ದರೆ ನಿನ್ನನ್ನು ಹೊಗಳುವೆನೆಂದನು, ಅಷ್ಟೆ. ಮಗನನ್ನು ತರಿಸಿ ಎತ್ತಿಕೊಂಡು, ತಂದೆಗಿಂತ ಅದೃಷ್ಟವಂತನಾಗು, ಉಳಿದುದರಲ್ಲಿ ತಂದೆಯಂತೆಯೇ ಆಗು ಎಂದು ಹರಸಿ, ತನ್ನ ದೊಡ್ಡ ಗುರಾಣಿಯನ್ನು ಅವನಿಗೆ ಬಿಟ್ಟನು. ಆಮೇಲೆ ಮನಸ್ಸು ಕರಗಿದವನಂತೆ ಮಾತನಾಡಿದನು: ಚಳಿಗಾಲವು ಬೇಸಗೆಗೆ ದಾರಿ ಬಿಡುತ್ತದೆ, ಇರುಳು ಹಗಲಿಗೆ ಬಿಡುತ್ತದೆ, ನಾನೂ ಬಾಗುವೆನು, ಕಡಲ ತೀರಕ್ಕೆ ಹೋಗಿ ಮಿಂದು ಶುದ್ಧನಾಗಿ ಬರುವೆನು. ಮೇಳದವರು ಹರ್ಷದಿಂದ ಕುಣಿದರು. ಅವನು ಹೋದನು.

ಆಗ ದೂತನೊಬ್ಬನು ಓಡಿಬಂದನು. ಕಾಲ್ಕಸನೆಂಬ ಜ್ಯೋತಿಷಿಯು ಹೇಳಿ ಕಳುಹಿಸಿದ ಮಾತು: ದೇವಿಯ ಕೋಪವು ಈ ಒಂದು ದಿನ ಮಾತ್ರ. ಈ ಹಗಲು ಏಜಾಕ್ಸನನ್ನು ಗುಡಾರದೊಳಗೆ ಹಿಡಿದಿಟ್ಟುಕೊಂಡರೆ ಅವನು ಬದುಕುವನು. ಟೆಕ್ಮೆಸ್ಸಳು ಎದ್ದು ಓಡಿದಳು, ಹೊತ್ತು ಮೀರಿತ್ತು.

ಇಡೀ ಗ್ರೀಕ್ ಸಾಹಿತ್ಯದಲ್ಲಿ ನನ್ನನ್ನು ಇಷ್ಟು ಕಲಕಿದ ಮಾತು ಇನ್ನೊಂದಿಲ್ಲ. ದೈವದ ಮುನಿಸು ಜನ್ಮಾಂತರದ್ದೆಂದು, ಏಳು ತಲೆಮಾರಿನದೆಂದು ನಾವು ಭಾವಿಸುತ್ತೇವೆ. ಕವಿಯು ಅದನ್ನು ಒಂದು ಹಗಲಿಗೆ ಇಳಿಸಿದನು. 2015ರಲ್ಲಿ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ಬೆಲೆ ಕುಸಿದು, ಬರಬೇಕಾದ ಬಾಕಿ ಬಾರದೆ, ಸಾಲಗಾರರಿಗೆ ಮುಖ ತೋರಲಾರದೆ ಅನೇಕ ರೈತರು ಪ್ರಾಣ ನೀಗಿಕೊಂಡರು. ಅವರ ಕಷ್ಟಕ್ಕೆ ಕಾರಣಗಳು ಹೊಲದಲ್ಲಿಯೂ ಮಾರುಕಟ್ಟೆಯಲ್ಲಿಯೂ ಇದ್ದುವು, ನಾಟಕದ ಪುಸ್ತಕದಲ್ಲಿ ಅಲ್ಲ. ಆದರೆ ‘ಮಾನ ಹೋದ ಮೇಲೆ ಇನ್ನೇನು’ ಎಂಬ ಮಾತನ್ನು ಆ ದಿನಗಳಲ್ಲಿ ಎಷ್ಟು ಬಾಯಿಗಳಲ್ಲಿ ಕೇಳಿದೆವು! ಆಡುವವರು ಅದನ್ನು ಶೌರ್ಯದ ಮಾತೆಂದೇ ಆಡುತ್ತಿದ್ದರು. ಹಿತ್ತಲ ಬಾಗಿಲಲ್ಲಿ ನಿಂತ ಟೆಕ್ಮೆಸ್ಸರ ತರ್ಕವನ್ನು ಕೇಳಿದವರು ಕಡಮೆ. ಯಾರ ಮನೆಯಲ್ಲಾದರೂ ಒಬ್ಬನು ಹೀಗೆ ಮೌನಿಯಾಗಿ ಕುಳಿತಿದ್ದರೆ, ಅಥವಾ ಕುಳಿತಿದ್ದವನು ಇದ್ದಕ್ಕಿದ್ದಂತೆ ಶಾಂತನಾಗಿ ಇಂಪಾಗಿ ಮಾತನಾಡತೊಡಗಿದರೆ, ಆ ದಿನ ಅವನನ್ನು ಒಂಟಿಯಾಗಿ ಹೊರಗೆ ಕಳುಹಿಸಬಾರದೆಂಬುದನ್ನು ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಒಬ್ಬ ಕವಿಯು ಕಂಡಿದ್ದನು.

ಶ್ರೀಕಂಠಯ್ಯನವರ ನಾಟಕದಲ್ಲಿಯೂ ಅಶ್ವತ್ಥಾಮನು ಸಾಯುತ್ತಾನೆ. ಚಿರಂಜೀವಿಗಳಲ್ಲಿ ಮೊದಲು ಎಣಿಸುವ ಹೆಸರಿಗೆ ಮರಣವೆ ಎಂದು ಸಂಪ್ರದಾಯಸ್ಥರು ಆಕ್ಷೇಪಿಸಿದರು. ಕವಿಗೆ ಆ ಸ್ವಾತಂತ್ರ್ಯವುಂಟೆಂದು ನಾನು ಒಪ್ಪುವೆನು. ನನ್ನ ಕೊರತೆ ಬೇರೆ. ವ್ಯಾಸರು ಅಶ್ವತ್ಥಾಮನಿಗೆ ವಿಧಿಸಿದ ದಂಡವು ಸಾವಿಗಿಂತ ಘೋರವಾದುದು: ಶಿರೋಮಣಿಯನ್ನು ಕಳೆದುಕೊಂಡು, ಮೂರು ಸಾವಿರ ವರ್ಷ, ಮಾತನಾಡಿಸುವವರಿಲ್ಲದೆ ಅಲೆಯುವುದು. ಏಜಾಕ್ಸನಿಗೆ ಸಾವು ಒಂದು ಬಾಗಿಲಾಯಿತು. ನಮ್ಮವನಿಗೆ ಆ ಬಾಗಿಲನ್ನೂ ಮುಚ್ಚಲಾಯಿತು. ಭಾಗವತದಲ್ಲಿ ಇನ್ನೊಂದು ವಿಶೇಷವುಂಟು. ಕಟ್ಟಿ ತಂದ ಅಶ್ವತ್ಥಾಮನನ್ನು ಬಿಡಿಸಿದವಳು ದ್ರೌಪದಿಯೇ. ನನ್ನಂತೆ ಇವನ ತಾಯಿಯೂ ಅಳುವುದು ಬೇಡವೆಂದಳು. ಗ್ರೀಕ್ ಚೌಕಟ್ಟಿನಲ್ಲಿ ಈ ದ್ರೌಪದಿಗೆ ಸ್ಥಳವಿಲ್ಲ. ನಾಟಕದ ಭಾಷೆಯ ಗಾಂಭೀರ್ಯವನ್ನು ಮೆಚ್ಚುತ್ತಲೇ ಈ ಮಾತನ್ನು ಹೇಳಬೇಕಾಗಿದೆ.

ರಂಗದ ಮೇಲೆ ಮರಣವನ್ನು ತೋರಿಸಬಾರದೆಂಬ ನಿಯಮವು ನಮ್ಮ ಶಾಸ್ತ್ರಕಾರರಿಗೆ ಮಾತ್ರ ಇದ್ದುದೆಂದು ತಿಳಿಯುವವರುಂಟು. ಗ್ರೀಕರೂ ಸಾಮಾನ್ಯವಾಗಿ ಕೊಲೆಯನ್ನು ನೇಪಥ್ಯದಲ್ಲಿಯೇ ಮಾಡಿಸಿ ದೂತನಿಂದ ಹೇಳಿಸುತ್ತಿದ್ದರು. ಏಜಾಕ್ಸನು ಆ ವಾಡಿಕೆಗೆ ಅಪವಾದವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ನಮ್ಮಲ್ಲಿ ಅಪವಾದವು ಭಾಸನ ಊರುಭಂಗ. 1912ರಿಂದ ಗಣಪತಿ ಶಾಸ್ತ್ರಿಗಳು ತಿರುವನಂತಪುರದಲ್ಲಿ ಅಚ್ಚುಮಾಡಿಸಿದ ನಾಟಕಗಳಲ್ಲಿ ಅದೂ ಒಂದು. ಅಲ್ಲಿ ತೊಡೆಮುರಿದ ದುರ್ಯೋಧನನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಾರದೆ ನೋಯುವನು. ಇರುಳಿನ ಯುದ್ಧಕ್ಕೆ ಹೊರಟ ಅಶ್ವತ್ಥಾಮನನ್ನು ತಡೆಯಲೆತ್ನಿಸುವವನೂ ಅವನೇ. ನಮ್ಮ ಸೀಮೆಯ ದುರ್ಯೋಧನ ಪಾತ್ರಧಾರಿಗಳು ಇದನ್ನು ಒಮ್ಮೆ ಓದಿಸಿ ಕೇಳಿದರೆ ಚೆನ್ನು.

ಏಜಾಕ್ಸ್ ನಾಟಕವು ನಾಯಕನ ಮರಣದೊಡನೆ ಮುಗಿಯುವುದಿಲ್ಲ. ಉಳಿದ ಭಾಗವೆಲ್ಲ ಹೆಣದ ಮುಂದಣ ವ್ಯಾಜ್ಯ. ಮಲಸಹೋದರನಾದ ಟ್ಯೂಸರನು ಸಂಸ್ಕಾರ ಮಾಡಬೇಕೆನ್ನುವನು; ಮೆನೆಲಾಸನೂ ಅಗಮೆಮ್ನಾನನೂ ಕೂಡದೆನ್ನುವರು. ಅವರ ಮಾತೂ ಹುರುಳಿಲ್ಲದ್ದಲ್ಲ: ದೇವಿ ತಡೆಯದಿದ್ದರೆ ಈಗ ನಾವು ಹೆಣವಾಗಿ ಬಿದ್ದಿರುತ್ತಿದ್ದೆವು, ದಂಡಿನಲ್ಲಿ ಭಯವಿಲ್ಲದಿದ್ದರೆ ದಂಡು ನಿಲ್ಲುವುದೆ? ಇದೇ ಕವಿಯ ‘ಆಂಟಿಗೊನೆ’ಯಲ್ಲಿ ಕ್ರಿಯಾನ್ ದೊರೆಯು ಇದೇ ವಾದವನ್ನು ಹಿಡಿದು, ಅಣ್ಣನ ಹೆಣಕ್ಕೆ ಮಣ್ಣು ಹಾಕಿದ ಹುಡುಗಿಯನ್ನು ಕಲ್ಲುಗವಿಯಲ್ಲಿ ಮುಚ್ಚಿಸಿ, ಕೊನೆಗೆ ಮಗನನ್ನೂ ಹೆಂಡತಿಯನ್ನೂ ಕಳೆದುಕೊಂಡನು. ಇಲ್ಲಿ ಅಷ್ಟು ದೂರ ಹೋಗದಂತೆ ತಡೆದವನು ಒಡಿಸ್ಯೂಸ್, ಸತ್ತವನ ಪರಮಶತ್ರು. ಬದುಕಿದ್ದಾಗ ದ್ವೇಷಿಸಿದೆನು, ಆದರೆ ಅಕಿಲೀಸನ ತರುವಾಯ ಇವನಂಥ ವೀರನಿರಲಿಲ್ಲ, ಇವನಿಗೆ ಮಣ್ಣನ್ನು ನಿರಾಕರಿಸಬೇಡ ಎಂದನು. ಎಲ್ಲರೂ ತಮ್ಮ ತಮ್ಮ ಲಾಭವನ್ನೇ ನೋಡುವವರೆಂದು ಅಗಮೆಮ್ನಾನನು ಹಂಗಿಸಿದಾಗ, ನನಗೂ ಒಂದು ದಿನ ಈ ಮಣ್ಣು ಬೇಕಾಗುವುದಲ್ಲವೆ ಎಂದನು.

ರಾವಣನು ಬಿದ್ದ ಮೇಲೆ ಉತ್ತರಕ್ರಿಯೆಗೆ ಹಿಂಜರಿದ ವಿಭೀಷಣನಿಗೆ ಶ್ರೀರಾಮನು, ವೈರವು ಮರಣದೊಡನೆ ಮುಗಿಯಿತೆಂದು ಹೇಳಿದ ಸಂದರ್ಭವು ವಾಚಕರ ನೆನಪಿಗೆ ಬಾರದಿರದು. ವಾಲ್ಮೀಕಿಯಲ್ಲಿ ಆ ಒಂದು ಮಾತಿನಿಂದ ಎಲ್ಲವೂ ಇತ್ಯರ್ಥವಾಗುತ್ತದೆ. ಗ್ರೀಕ್ ಕವಿಯು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಸಂಸ್ಕಾರಕ್ಕೆ ತಾನೂ ಕೈಗೂಡಿಸುವೆನೆಂದು ಒಡಿಸ್ಯೂಸನು ಕೇಳಿದಾಗ ಟ್ಯೂಸರನು ಕೃತಜ್ಞತೆಯಿಂದ ವಂದಿಸಿ, ಆದರೆ ಹೆಣವನ್ನು ಮುಟ್ಟಬೇಡ, ಸತ್ತವನಿಗೆ ಅದು ಸೇರದೇನೋ ಎಂದು ಅಂಜುವನು. ಒಡಿಸ್ಯೂಸನು ಸುಮ್ಮನೆ ಹಿಂದೆ ಸರಿದು ಹೋಗುವನು. ಟ್ಯೂಸರನು ಹಸುಳೆಯನ್ನು ಹತ್ತಿರಕ್ಕೆ ಕರೆದು, ನಿನ್ನ ಕೈಲಾದಷ್ಟು ಬಲದಿಂದ ತಂದೆಯನ್ನು ಹಿಡಿದುಕೊ, ನನ್ನೊಡನೆ ಎತ್ತು, ಗಾಯದ ನೆತ್ತರು ಇನ್ನೂ ನಿಂತಿಲ್ಲ ಎನ್ನುವನು.