ಕಿರುಪದಗಳ ಬೆಲೆ

ದಾವಣಗೆರೆಯ ಸರಸ್ವತಿ ನಗರದಲ್ಲಿ ದೋಸೆಯನ್ನರಿಯದವರುಂಟೆ? ಆ ಪದವು 'ದೋಸಾ' ಎಂದು ಇಂಗ್ಲಿಷ್ ನಿಘಂಟುಗಳನ್ನೂ ಸೇರಿದೆ. ಸ್ಕ್ರ್ಯಾಬಲ್ ಎಂಬ ಪದಕ್ರೀಡೆಯಲ್ಲಿ ಅದರ ನಾಲ್ಕು ಅಕ್ಷರಗಳಿಗೆ ನಮಗೆ ದೊರೆಯುವುದು 5 ಅಂಕಗಳು ಮಾತ್ರ. 'ಕ್ಯೂ', 'ಐ' ಎಂಬೆರಡೇ ಅಕ್ಷರಗಳ 'ಚೀ' ಪದಕ್ಕಾದರೋ 11! ಚೀನೀಯರಲ್ಲಿ ಇದರ ಅರ್ಥ ಪ್ರಾಣಶಕ್ತಿ.

ಈ ಅಂತರಕ್ಕೆ ಕಾರಣವೇನು? ಕ್ರೀಡೆಯನ್ನು ರಚಿಸಿದ ಅಮೆರಿಕದ ಆಲ್‌ಫ್ರೆಡ್ ಬಟ್ಸ್ ಅವರು 1930ರ ದಶಕದಲ್ಲಿ, ಪತ್ರಿಕೆಗಳಲ್ಲಿ ಯಾವ ಅಕ್ಷರವು ಎಷ್ಟು ಸಲ ಬರುವುದೆಂದು ಎಣಿಸಿದರು. ವಿರಳವಾದ 'ಕ್ಯೂ'ಗೆ 10 ಅಂಕ, ಪದೇ ಪದೇ ಬರುವ 'ಐ'ಗೆ 1.

ಹೀಗೆ ಅಂಕವು ಅಕ್ಷರದ ವಿರಳತೆಯನ್ನು ಅಳೆಯುತ್ತದೆಯೇ ಹೊರತು ಅರ್ಥವನ್ನಲ್ಲ. ಆದರೂ ಕಿರುಪದಗಳನ್ನು ಬರಿದೆ ಉರುಹೊಡೆಯುವುದಕ್ಕಿಂತ ಅರ್ಥವನ್ನರಿತು ಕಲಿಯುವುದೇ ಲೇಸೆಂದು ನಾವು ಭಾವಿಸುತ್ತೇವೆ. ಎರಡು 'ಎ'ಗಳು ಸೇರಿದರೆ ಹವಾಯಿಯ ಒರಟು ಲಾವಾಶಿಲೆ. 'ಎ', 'ಐ' ಸೇರಿದರೆ ದಕ್ಷಿಣ ಅಮೆರಿಕದ ಮಂದಗತಿಯ ಮರವಾಸಿ ಪ್ರಾಣಿ.