ಲೋಕಲ್ಲಾ, ಟೂರಿಸ್ಟಾ? ಕ್ಯೂನಲ್ಲಿ ಯಾರಿಗೆ ಅನ್ಯಾಯ?

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಒಂದು ಹಳೇ ಜಗಳ ಇದೆ. ವಾರ್ಷಿಕ ಪಾಸ್ ಇರೋ ಸ್ಥಳೀಯರು ಬೇಕಾದಾಗೆಲ್ಲ ಬಂದು ಜಾಗ ತುಂಬ್ತಾರೆ ಅನ್ನೋದು ಪ್ರವಾಸಿಗರ ದೂರು. ವರ್ಷವಿಡೀ ಪಾರ್ಕ್ ನಡೆಯೋದೇ ನಮ್ಮಿಂದ ಅಂತಾರೆ ಸ್ಥಳೀಯರು.

2021ರಲ್ಲಿ ಹಳೇ ಪಾಸ್ ನಿಲ್ಲಿಸಿ, ಬರೋ ದಿನವನ್ನ ಮೊದಲೇ ಬುಕ್ ಮಾಡಬೇಕಾದ ‘ಮ್ಯಾಜಿಕ್ ಕೀ’ ತಂದರು. ಇದು ನನಗೆ ಸರಿ ಅನ್ಸುತ್ತೆ. ಸ್ಥಳೀಯರು ಇನ್ನೊಂದು ದಿನ ಬರಬಹುದು. ದುಡ್ಡು ಕೂಡಿಟ್ಟು ದೂರದಿಂದ ಬಂದ ಕುಟುಂಬಕ್ಕೆ ಸಿಗೋದು ಒಂದೆರಡೇ ದಿನ.

ಆದ್ರೆ ಅದೇ ವರ್ಷ, 1999ರಲ್ಲಿ ಉಚಿತವಾಗಿ ಶುರುವಾಗಿದ್ದ ಫಾಸ್ಟ್‌ಪಾಸ್ ಜಾಗಕ್ಕೆ ದುಡ್ಡಿನ ‘ಲೈಟ್ನಿಂಗ್ ಲೇನ್’ ಬಂತು. ಬಿ.ಕಾಂ. ಓದಿರೋ ನನ್ನ ಲೆಕ್ಕ ಇಷ್ಟೇ: ರೈಡ್‌ನಲ್ಲಿ ಸೀಟು ಹೆಚ್ಚಾಗಲ್ಲ. ದುಡ್ಡು ಕೊಟ್ಟೋರು ಮುಂದೆ ಹೋದಷ್ಟೂ ಉಳಿದೋರು ಹಿಂದೆ, ಲೋಕಲ್ ಆಗ್ಲಿ, ಟೂರಿಸ್ಟ್ ಆಗ್ಲಿ.

ಟಿಕೆಟ್ ದರ ಬೇರೆಬೇರೆ ಇರಲಿ. ಕ್ಯೂ ಮಾತ್ರ ಎಲ್ಲರಿಗೂ ಒಂದೇ ಇರ್ಬೇಕು. ನೀವೇನಂತೀರಿ?